ಮಕ್ಕಳ ವಿಭಾಗದಲ್ಲಿ ಪಿಜಿ ಸೀಟು ಸಿಕ್ಕಿದೆ, ಸೇರಲಾ?

ಪ್ರಶ್ನೆ: ಎಂಬಿಬಿಎಸ್ ಮುಗಿಸಿ ಹಾವೇರಿ ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ವರ್ಷ ಕೆಲಸ ಮಾಡಿದ್ದೇನೆ. ಈ ಸಲ ಕೌನ್ಸೆಲಿಂಗ್‌ನಲ್ಲಿ ಬೆಂಗಳೂರಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಎಂ.ಡಿ. ಪೀಡಿಯಾಟ್ರಿಕ್ಸ್ ಸೀಟು ಬಂದಿದೆ. ನನಗೆ ಮಕ್ಕಳೆಂದರೆ ಇಷ್ಟ. ಆದರೆ ಮಗು ಅತ್ತರೆ ನನಗೂ ಕಣ್ಣು ತುಂಬುತ್ತದೆ, ಸೂಜಿ ಹಾಕುವಾಗ ಕೈ ನಡುಗುತ್ತದೆ. ಮನೆಯವರು "ಇನ್ನೊಂದು ವರ್ಷ ಓದಿ ಸ್ಕಿನ್ನೋ ರೇಡಿಯಾಲಜಿಯೋ ತಗೋ, ನೆಮ್ಮದಿಯಾಗಿರ್ತೀಯ" ಅನ್ನುತ್ತಿದ್ದಾರೆ. ಅಲ್ಲಿ ಮೂರು ವರ್ಷ ನಿಜವಾಗಿ ಏನು ಕೆಲಸ ಇರುತ್ತದೆ? ನಿದ್ದೆ ಇರಲ್ವಂತೆ, ಸೀನಿಯರ್‌ಗಳು ಬೈತಾರಂತೆ, ಹೌದಾ? ಸೇರೋಕೆ ಇನ್ನು ಮೂರು ವಾರ ಇದೆ, ಅಷ್ಟರೊಳಗೆ ಏನು ಓದಿಕೊಳ್ಳಲಿ? ಸದ್ಯ ಮನೆಯಲ್ಲೇ ಇದ್ದೇನೆ. ಅಕ್ಕ ಏಳು ತಿಂಗಳ ಮಗು ಕರೆದುಕೊಂಡು ಬಂದಿದ್ದಾಳೆ, ಓದೋಕೆ ಕೂತರೆ ಆ ಮಗುವಿನ ಜೊತೆಗೇ ಹೊತ್ತು ಹೋಗುತ್ತದೆ.

ಉತ್ತರ: ಕೈ ನಡುಗುವ ವಿಷಯದಿಂದಲೇ ಶುರು ಮಾಡುತ್ತೇನೆ. ನಿಮ್ಮ ಪತ್ರ ಓದಿದರೆ ನಿಮ್ಮನ್ನು ಜಾಸ್ತಿ ಹೆದರಿಸಿರುವುದು ಅದೇ ಅನ್ನಿಸುತ್ತದೆ. ಆ ನಡುಕ ಹೋಗುತ್ತದೆ. ಬೆಂಗಳೂರಿನ ಒಂದು ಮೆಡಿಕಲ್ ಕಾಲೇಜಿನ ಮಕ್ಕಳ ವಿಭಾಗದಲ್ಲಿ ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಪಾಠ ಮಾಡಿದ್ದೇನೆ. ಮೊದಲ ತಿಂಗಳು ಕೈ ನಡುಗದ ಪಿಜಿಯನ್ನು ನೋಡಿದ ನೆನಪಿಲ್ಲ.

ನಿಮ್ಮ ಏಪ್ರನ್ ಜೇಬಿನಲ್ಲಿ ಹಳದಿ ಕ್ಯಾನುಲಾ, ಅಂದರೆ ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ, ಸದಾ ಇರುತ್ತದೆ, 24 ಗೇಜಿನದು. ತೀರಾ ಸಣ್ಣ ಕೂಸಿಗೆ 26 ಗೇಜಿನ ನೇರಳೆ ಬಣ್ಣದ್ದು. ರಕ್ತನಾಳಕ್ಕೆ ವಾರ್ಡಿನಲ್ಲಿ ಎಲ್ಲರೂ "ನರ" ಅಂತಲೇ ಅನ್ನುವುದು. "ನರ ಸಿಗ್ತಿಲ್ಲ ಸಿಸ್ಟರ್" ಅನ್ನುವ ಮಾತನ್ನು ನೀವು ದಿನಕ್ಕೆ ಹತ್ತು ಸಲ ಹೇಳುತ್ತೀರಿ. ಆಗ ಹಳೇ ಸಿಸ್ಟರ್ ಒಬ್ಬರು ಬಂದು ದೀಪ ಆರಿಸುತ್ತಾರೆ. ಕೂಸಿನ ಅಂಗೈ ಕೆಳಗೆ ಸಣ್ಣ ಟಾರ್ಚ್ ಹಿಡಿಯುತ್ತಾರೆ. ಇಡೀ ಕೈ ದಾಳಿಂಬೆ ಕಾಳಿನ ಹಾಗೆ ಕೆಂಪಗೆ ಬೆಳಗುತ್ತದೆ. ಅದರ ಮಧ್ಯೆ ಒಂದು ಕಪ್ಪು ಗೆರೆ ಕಾಣುತ್ತದೆ. ಅದೇ ನರ. ಟಾರ್ಚ್ ಬಿಸಿಯಾಗಿದೆಯಾ ಅಂತ ಮೊದಲು ತಮ್ಮ ಕೈಗೆ ತಾಗಿಸಿ ನೋಡಿಕೊಳ್ಳುತ್ತಾರೆ, ಅದನ್ನೂ ಗಮನಿಸಿ. ಚುಚ್ಚುವ ಮುಂಚೆ ಕೂಸಿನ ಬಾಯಿಗೆ ನಾಲ್ಕು ಹನಿ ಎದೆಹಾಲು ಬಿಟ್ಟರೆ ಅಥವಾ ತಾಯಿ ಎದೆಗೆ ಹಾಕಿಕೊಂಡಿದ್ದರೆ ನೋವು ಕಡಿಮೆಯಾಗುತ್ತದೆ. ಎರಡು ಸಲ ತಪ್ಪಿದರೆ ಮೂರನೇ ಸಲಕ್ಕೆ ಬೇರೆಯವರನ್ನು ಕರೆಯಿರಿ. ಅದರಲ್ಲಿ ಅವಮಾನ ಏನಿಲ್ಲ. ಆರು ತಿಂಗಳಾಗುವಷ್ಟರಲ್ಲಿ ಜೂನಿಯರ್‌ಗಳು ನಿಮ್ಮನ್ನೇ ಕರೆಯೋಕೆ ಶುರು ಮಾಡಿರುತ್ತಾರೆ.

ಕೈಕೆಲಸ ಹೀಗೆ ಬಂದೇ ಬರುತ್ತದೆ. ತಾನಾಗಿ ಬಾರದ್ದು ಬೇರೆ ಇದೆ. ಮಗುವನ್ನು ನೋಡುವುದು, ತಾಯಿಯ ಮಾತು ಕೇಳುವುದು. ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅನ್ನೋದಕ್ಕೆ ನನ್ನದೇ ಒಂದು ತಪ್ಪನ್ನು ಹೇಳಬೇಕು.

ನಾನಾಗ ಮೊದಲ ವರ್ಷದ ಪಿಜಿ. ಮಳೆಗಾಲ. ವಾರ್ಡಿನಲ್ಲಿ ಒಂದೊಂದು ಮಂಚದಲ್ಲಿ ಇಬ್ಬಿಬ್ಬರು ಮಕ್ಕಳು. ಆರು ವರ್ಷದ ಹುಡುಗ, ಡೆಂಗಿ, ಜ್ವರ ಶುರುವಾಗಿ ಐದನೇ ದಿನ. ಸಂಜೆ ಜ್ವರ ಬಿಟ್ಟಿತ್ತು. ನನಗೆ ಸಮಾಧಾನ ಆಗಿತ್ತು. ರಾತ್ರಿ ಎರಡೂವರೆಗೆ ಅವನ ತಾಯಿ ಡ್ಯೂಟಿ ಟೇಬಲ್ ಹತ್ತಿರ ಬಂದು, "ಡಾಕ್ಟ್ರೇ, ಯಾಕೋ ಹುಡುಗ ಸುಮ್ನಾಗ್ಬಿಟ್ಟಿದಾನೆ. ನೀರೂ ಕೇಳ್ತಿಲ್ಲ" ಅಂದರು. ನಾನು ಕೂತಲ್ಲಿಂದಲೇ ಚಾರ್ಟ್ ನೋಡಿದೆ. ಜ್ವರ ಇಲ್ಲ. ಹನ್ನೆರಡು ಗಂಟೆಗೆ ಬಿಪಿ ಚೆನ್ನಾಗಿದೆ. "ಜ್ವರ ಬಿಟ್ಟಿದೆ ಅಲ್ವಾ ಅಮ್ಮ, ಸುಸ್ತಾಗಿ ಮಲಗಿದಾನೆ" ಅಂದೆ. ಅವರು ಹೋದರು. ಸರಿಯಾಗಿ ಒಂದು ಗಂಟೆಯ ಮೇಲೆ ಸಿಸ್ಟರ್ ಓಡಿ ಬಂದರು. ಹುಡುಗನ ಪಾದ ತಣ್ಣಗೆ, ನಾಡಿ ದಾರದ ಎಳೆಯ ಹಾಗೆ. ಮೇಲಿನ ಬಿಪಿ 90, ಕೆಳಗಿನದು 76.

ಡೆಂಗಿಯಲ್ಲಿ ಅಪಾಯ ಶುರುವಾಗುವುದೇ ಜ್ವರ ಇಳಿಯುವ ಹೊತ್ತಿಗೆ. ರಕ್ತದೊಳಗಿನ ನೀರಿನಂಶ ನಾಳಗಳಿಂದ ಹೊರಗೆ ಸೋರುತ್ತದೆ. ಈ ಸೋರಿಕೆ ಒಂದೆರಡು ದಿನ ಇರುತ್ತದೆ. ಮಕ್ಕಳ ದೇಹ ಮೇಲಿನ ಬಿಪಿಯನ್ನು ಕೊನೆಯ ತನಕ ಹಿಡಿದಿಟ್ಟುಕೊಳ್ಳುತ್ತದೆ. ಎರಡು ಅಂಕಿಗಳ ನಡುವಿನ ಅಂತರ 20ಕ್ಕೆ ಇಳಿದರೆ ಅದು ಶಾಕ್, ಅಂದರೆ ಮೈಗೆ ಸಾಕಷ್ಟು ರಕ್ತ ಹರಿಯದ ಸ್ಥಿತಿ. ಇವನದು 14. ಇದೆಲ್ಲ ನಾನು ಓದಿದ್ದೆ. ಪರೀಕ್ಷೆಯಲ್ಲಿ ಕೇಳಿದ್ದರೆ ತಪ್ಪಿಲ್ಲದೆ ಬರೆಯುತ್ತಿದ್ದೆ. ಸೀನಿಯರ್ ನಿದ್ದೆಗಣ್ಣಲ್ಲೇ ಬಂದು ದ್ರವ ಶುರು ಮಾಡಿಸಿದರು, ಬೆಳಗಿನವರೆಗೆ ಮಂಚದ ಪಕ್ಕದಿಂದ ಕದಲಲಿಲ್ಲ. ಹುಡುಗ ಉಳಿದುಕೊಂಡ. ನಾಲ್ಕು ದಿನದ ಮೇಲೆ ಮನೆಗೂ ಹೋದ. ಸೀನಿಯರ್ ನನಗೆ ಬೈಯಲಿಲ್ಲ. ಒಂದೇ ಮಾತು ಕೇಳಿದರು: "ಅಮ್ಮ ಬಂದು ಹೇಳಿದಾಗ ಎದ್ದು ಮಗು ಹತ್ತಿರ ಹೋಗಿದ್ದೆಯಾ?"

ನೀವು ಮೂರು ವರ್ಷದಲ್ಲಿ ಕಲಿಯಬೇಕಾದ್ದು ಮುಖ್ಯವಾಗಿ ಇದು. ಎದ್ದು ಹೋಗುವುದು. ನಮ್ಮ ರೋಗಿಗೆ ಮಾತು ಬರುವುದಿಲ್ಲ. ಎರಡು ವರ್ಷದ ಮಗುವಿಗೆ ಕಿವಿ ನೋವಿದ್ದರೂ "ಹೊಟ್ಟೆ" ಅನ್ನುತ್ತದೆ. ಅದಕ್ಕೇ ಮಗು ತಾಯಿಯ ತೊಡೆ ಮೇಲೆ ಕೂತಿರುವಾಗ, ನೀವು ಇನ್ನೂ ಬಾಗಿಲಲ್ಲಿರುವಾಗಲೇ ಅರ್ಧ ಪರೀಕ್ಷೆ ಮುಗಿದಿರಬೇಕು. ಮುಖದಲ್ಲಿ ಕಳೆ ಇದೆಯಾ, ನಿಮ್ಮನ್ನು ನೋಡಿ ಮುಖ ತಿರುಗಿಸಿತಾ, ಅಳುವಿನಲ್ಲಿ ಕಸುವಿದೆಯಾ? ಪಕ್ಕೆ ಒಳಗೆ ಸೆಳೆಯುತ್ತಿದೆಯಾ, ಮೂಗಿನ ಹೊಳ್ಳೆ ಅರಳುತ್ತಿದೆಯಾ? ಮೈಬಣ್ಣ ಬಿಳಿಚಿದೆಯಾ, ತುಟಿ ನೀಲಿಯಾ? ಇಷ್ಟು ನೋಡೋಕೆ ಅರ್ಧ ನಿಮಿಷ ಸಾಕು. ಸ್ಟೆತಸ್ಕೋಪ್ ಆಮೇಲೆ. ಸ್ಟೆತ್ ಹಿಡಿದು ಹತ್ತಿರ ಹೋದ ತಕ್ಷಣ ಮಗು ಅಳುತ್ತದೆ. ಅತ್ತ ಮೇಲೆ ಉಸಿರಿನ ಲೆಕ್ಕ ಸಿಗುವುದಿಲ್ಲ. ಹಾಗಾಗಿ ಉಸಿರು ಮೊದಲು, ಎದೆ ಬಡಿತ ಆಮೇಲೆ, ಗಂಟಲು ಮತ್ತು ಕಿವಿ ಕಟ್ಟಕಡೆಗೆ.

"ಸುಮ್ನಾಗ್ಬಿಟ್ಟಿದಾನೆ" ಅನ್ನುವ ಮಾತನ್ನು ನಾನು ಅಂದಿನಿಂದ ಹಗುರವಾಗಿ ತೆಗೆದುಕೊಂಡಿಲ್ಲ. "ಹಾಲು ಎಳೀತಿಲ್ಲ", "ಮೈ ಬಿಟ್ಬಿಟ್ಟಿದೆ", "ನೆತ್ತಿ ಕುಳಿ ಬಿದ್ದಿದೆ" ಅನ್ನುವ ಮಾತುಗಳೂ ಹಾಗೆಯೇ. ನೆತ್ತಿ ಕುಳಿ ಬಿದ್ದಿದೆ ಅಂತ ಅಜ್ಜಿ ಹೇಳಿದರೆ ಬೇಧಿಯಾಗಿ ನೀರು ಕಳೆದುಕೊಂಡಿರುವ ಮಗುವನ್ನು ಆಕೆ ನಿಮಗಿಂತ ಮೊದಲೇ ಪತ್ತೆ ಮಾಡಿದ್ದಾಳೆ ಅಂತ ಅರ್ಥ. ಅದೇ ಅಜ್ಜಿ ಮಗುವಿಗೆ ಬಜೆ ತೇದು ನೆಕ್ಕಿಸಿಯೂ ಇರಬಹುದು. ಅದನ್ನು ನಿಲ್ಲಿಸಿ ಅಂತ ಹೇಳಲೇಬೇಕು, ಆದರೆ ರೇಗಿಕೊಂಡಲ್ಲ. ರೇಗಿದರೆ ಮುಂದಿನ ಸಲ ಕೊಟ್ಟಿದ್ದನ್ನು ಬಚ್ಚಿಡುತ್ತಾರೆ.

ಈ ವಿಷಯದಲ್ಲಿ ನಿಮ್ಮ ಕನ್ನಡ ನಿಮಗೆ ದೊಡ್ಡ ಬಲ. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳ ಮಕ್ಕಳ ವಾರ್ಡಿಗೆ ಕೋಲಾರ, ರಾಮನಗರ, ತುಮಕೂರಿನಿಂದ ಹಿಡಿದು ಅನಂತಪುರ, ಹೊಸೂರಿನವರೆಗಿನ ಜನ ಬರುತ್ತಾರೆ. ರಾಯಚೂರು, ಯಾದಗಿರಿಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳೂ ಇರುತ್ತಾರೆ. ಹೊರ ರಾಜ್ಯದಿಂದ ಬಂದ ನಿಮ್ಮ ಜೊತೆಯ ಪಿಜಿಗಳು "ಪಿಡ್ಸ್ ಬಂತು" ಅಂದರೆ ಫಿಟ್ಸ್ ಅಂತ ಗೊತ್ತಾಗದೆ ಒದ್ದಾಡುತ್ತಾರೆ. ಅವರಿಗೆ ಹೇಳಿಕೊಡಿ. ನೀವು ಅವರಿಂದ ಹತ್ತು ಮಾತು ತೆಲುಗು, ತಮಿಳು, ಉರ್ದು ಕಲಿಯಿರಿ. ಜ್ವರ ಎಷ್ಟು ದಿನದಿಂದ, ಹಾಲು ಕುಡಿಯುತ್ತಿದೆಯಾ, ಮೂತ್ರ ಯಾವಾಗ ಹೋಯಿತು, ಈ ಮೂರು ಪ್ರಶ್ನೆಯನ್ನು ನಾಲ್ಕು ಭಾಷೆಯಲ್ಲಿ ಕೇಳೋಕೆ ಬಂದರೆ ರಾತ್ರಿ ಡ್ಯೂಟಿಯ ಅರ್ಧ ತೊಂದರೆ ತಪ್ಪುತ್ತದೆ.

ಇನ್ನು ದಿನದ ಕೆಲಸ. ವಿಭಾಗವನ್ನು ಯುನಿಟ್‌ಗಳಾಗಿ ಹಂಚಿರುತ್ತಾರೆ. ಪ್ರತಿ ಯುನಿಟ್‌ಗೂ ಒಪಿಡಿ ದಿನ, ಅಡ್ಮಿಷನ್ ದಿನ ಅಂತ ಇರುತ್ತದೆ. ಎಂಟು ಗಂಟೆಗೆ ಪ್ರೊಫೆಸರ್ ರೌಂಡ್ಸ್ ಅಂದರೆ ಮೊದಲ ವರ್ಷದ ಪಿಜಿ ಆರೂವರೆಗೆಲ್ಲ ವಾರ್ಡಿನಲ್ಲಿ ಇರಬೇಕು. ರಾತ್ರಿ ಯಾವ ಮಗುವಿಗೆ ಜ್ವರ ಬಂತು, ಯಾವುದು ಎಷ್ಟು ಮೂತ್ರ ಮಾಡಿತು, ತೂಕ ಏರಿತಾ ಇಳಿಯಿತಾ, ಎಲ್ಲವೂ ನಿಮ್ಮ ಬಾಯಲ್ಲಿರಬೇಕು. ಮಧ್ಯಾಹ್ನ ಸ್ಯಾಂಪಲ್, ಸ್ಕ್ಯಾನ್, ರಿಪೋರ್ಟ್, ಕೇಸ್ ಶೀಟ್. ವಾರಕ್ಕೆ ಒಂದೆರಡು ಸೆಮಿನಾರ್, ಜರ್ನಲ್ ಕ್ಲಬ್, ಕೇಸ್ ಪ್ರೆಸೆಂಟೇಷನ್. ವಾರ್ಡು, ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್ಐಸಿಯು, ದೊಡ್ಡ ಮಕ್ಕಳ ಅಂಥದೇ ಘಟಕವಾದ ಪಿಐಸಿಯು, ತುರ್ತು ವಿಭಾಗ, ಲಸಿಕೆ ಕೊಠಡಿ, ಇವುಗಳಲ್ಲಿ ಸರದಿ ಮೇಲೆ ಹಾಕುತ್ತಾರೆ. ಬೆಂಗಳೂರಿನ ಹವೆಗೆ ತಕ್ಕಂತೆ ಕೆಲಸವೂ ಬದಲಾಗುತ್ತದೆ. ಮಳೆ ಶುರುವಾದರೆ ಡೆಂಗಿ, ಚಳಿ ಬಿದ್ದರೆ ಉಬ್ಬಸ ಮತ್ತು ಕೂಸುಗಳ ಕಫ, ಬೇಸಿಗೆಯಲ್ಲಿ ವಾಂತಿ ಬೇಧಿ, ಟೈಫಾಯಿಡ್.

ಮಕ್ಕಳ ವಿಭಾಗದಲ್ಲಿ ಎಲ್ಲವೂ ತೂಕದ ಲೆಕ್ಕ. ದೊಡ್ಡವರ ಹಾಗೆ "ಒಂದು ಮಾತ್ರೆ ದಿನಕ್ಕೆ ಮೂರು ಸಲ" ಅನ್ನೋಕಾಗಲ್ಲ. ಪ್ಯಾರಸಿಟಮಾಲ್‌ನ್ನೇ ನೋಡಿ. ಕೆಜಿಗೆ 15 ಮಿಲಿಗ್ರಾಂ ಅಂದರೆ ಎಂಟು ಕೆಜಿ ಮಗುವಿಗೆ 120. ಒಂದು ಸಿರಪ್‌ನಲ್ಲಿ 5 ಮಿಲಿಗೆ 120 ಅಥವಾ 125 ಮಿಲಿಗ್ರಾಂ ಇರುತ್ತದೆ, ಇನ್ನೊಂದರಲ್ಲಿ 5 ಮಿಲಿಗೆ 250. ಸಣ್ಣ ಕೂಸುಗಳ ಡ್ರಾಪ್ಸ್‌ನಲ್ಲಿ ಒಂದೇ ಮಿಲಿಗೆ 100. "ಐದು ಮಿಲಿ ಕೊಡಿ" ಅಂತ ಚೀಟಿಯಲ್ಲಿ ಬರೆದು, ಅಂಗಡಿಯವರು ಡ್ರಾಪ್ಸ್ ಕೊಟ್ಟುಬಿಟ್ಟರೆ ಆ ಮಗುವಿಗೆ 500 ಮಿಲಿಗ್ರಾಂ ಹೋಗುತ್ತದೆ. ಅದಕ್ಕೇ ಬರೀ ಮಿಲಿ ಬರೆಯಬೇಡಿ. ಔಷಧದ ಶಕ್ತಿ, ಮಿಲಿಗ್ರಾಂ, ಮಿಲಿ ಮೂರನ್ನೂ ಬರೆಯಿರಿ. ತಾಯಿಗೆ ಮುಚ್ಚಳ ತೋರಿಸಿ ಯಾವ ಗೆರೆ ತನಕ ಅಂತ ಹೇಳಿ. ದಿನದ ದ್ರವದ ಲೆಕ್ಕವೂ ಹೀಗೇ. ಹಾಲಿಡೇ ಮತ್ತು ಸೆಗರ್ 1957ರಲ್ಲಿ ಕೊಟ್ಟ ಸೂತ್ರವನ್ನೇ ಇವತ್ತಿಗೂ ಬಳಸುತ್ತೇವೆ: ಮೊದಲ ಹತ್ತು ಕೆಜಿಗೆ ಕೆಜಿಗೆ 100 ಮಿಲಿ, ಮುಂದಿನ ಹತ್ತಕ್ಕೆ 50, ಆಮೇಲೆ 20. ಹನ್ನೆರಡು ಕೆಜಿ ಮಗುವಿಗೆ ಎಷ್ಟು? 1100 ಮಿಲಿ. ನಿದ್ದೆ ಇಲ್ಲದ ರಾತ್ರಿ ಮೂರು ಗಂಟೆಗೂ ಈ ಲೆಕ್ಕ ತಪ್ಪಬಾರದು. ತಪ್ಪುತ್ತದೆ ಅನ್ನೋ ಭಯ ಇದ್ದರೆ ಸಿಸ್ಟರ್ ಹತ್ತಿರ ಇನ್ನೊಂದು ಸಲ ಲೆಕ್ಕ ಹಾಕಿಸಿ. ಇಬ್ಬರ ಉತ್ತರ ಒಂದೇ ಬಂದ ಮೇಲೆ ಔಷಧ ಕೊಡಿ.

ಎನ್ಐಸಿಯು ಬಗ್ಗೆ ಎಷ್ಟು ಬರೆದರೂ ನನಗೆ ಸಾಲದು. ಮೊದಲ ಸಲ ಒಳಗೆ ಹೋದಾಗ ನಿಮಗೆ ಗಾಬರಿಯಾಗುತ್ತದೆ. ವಾರ್ಮರ್ ಕೆಳಗೆ ಒಂದು ಕೆಜಿಯ ಕೂಸು, ಚರ್ಮದೊಳಗಿನ ನರ ಎಲ್ಲ ಕಾಣುತ್ತಿರುತ್ತದೆ. ಅದರ ಇಡೀ ಮೈಯಲ್ಲಿರುವ ರಕ್ತ ಸುಮಾರು 80ರಿಂದ 100 ಮಿಲಿ. ನಮ್ಮ ದರ್ಶಿನಿಯ ಒಂದು ಲೋಟ ಕಾಫಿಯಷ್ಟು. ಹಾಗಿರುವಾಗ ನೀವು ಟೆಸ್ಟಿಗೆ ಅಂತ ಎರಡು ಮಿಲಿ ತೆಗೆದರೆ ಏನಾಗುತ್ತದೆ ಅಂತ ಯೋಚಿಸಿ. ಅದಕ್ಕೇ ಅಲ್ಲಿ ಪ್ರತಿ ಹನಿಯನ್ನೂ ಬರೆದಿಡುತ್ತಾರೆ. ಕೈ ತೊಳೆಯದೆ ಮುಟ್ಟುವುದಕ್ಕೆ ಯಾರಿಗೂ ಬಿಡುವುದಿಲ್ಲ, ವಿಭಾಗದ ಮುಖ್ಯಸ್ಥರಿಗೂ ಇಲ್ಲ. ಒಂದು ಕೂಸಿನಿಂದ ಇನ್ನೊಂದಕ್ಕೆ ಹೋಗುವಾಗ ನೀವು ಕೈ ತೊಳೆದಿರಿ ಅಂದರೆ ಒಂದು ಆಂಟಿಬಯಾಟಿಕ್ ಉಳಿಸಿದಂತೆ.

ಲೇಬರ್ ರೂಮಿನಿಂದ ಕಾಲ್ ಬಂದರೆ ಮಾತ್ರ ಓಡಬೇಕು. ಹುಟ್ಟುವ ಹತ್ತು ಮಕ್ಕಳಲ್ಲಿ ಒಂದಕ್ಕೆ ಉಸಿರು ಶುರು ಮಾಡೋಕೆ ಒಂದಿಷ್ಟು ಸಹಾಯ ಬೇಕಾಗುತ್ತದೆ. ಒರೆಸಿ, ಬೆಚ್ಚಗಿಟ್ಟು, ಬೆನ್ನು ಉಜ್ಜಿದರೆ ಹೆಚ್ಚಿನವು ಅಳುತ್ತವೆ. ಅಳದಿದ್ದರೆ ಮೊದಲ ಅರವತ್ತು ಸೆಕೆಂಡಿನೊಳಗೆ ಬ್ಯಾಗ್ ಮತ್ತು ಮಾಸ್ಕ್‌ನಲ್ಲಿ ಉಸಿರು ಕೊಡಲು ಶುರು ಮಾಡಿರಬೇಕು. ನಿಮಿಷಕ್ಕೆ 40ರಿಂದ 60 ಸಲ. ಎದೆ ಏಳುತ್ತಿದೆಯಾ ಅಂತ ಕಣ್ಣಲ್ಲಿ ನೋಡುತ್ತಾ ಕೊಡಬೇಕು. ನೀವು ಮಾಸ್ಕ್ ಹಿಡಿದಿರುವಾಗ ಕೋಣೆಯಲ್ಲಿ ಯಾರೂ ಮಾತಾಡುವುದಿಲ್ಲ. ತಾಯಿ ಮಾತ್ರ "ಯಾಕೆ ಅಳ್ತಿಲ್ಲ" ಅಂತ ಕೇಳುತ್ತಿರುತ್ತಾಳೆ. ಆಮೇಲೆ ಒಂದು ಸಣ್ಣ ಕೆಮ್ಮು, ಒಂದು ಕುಂಯ್, ಆಮೇಲೆ ಅಳು. ಮಗು ಅತ್ತರೆ ಕಣ್ಣು ತುಂಬುತ್ತದೆ ಅಂದಿರಲ್ಲ, ಆ ಅಳುವಿಗೆ ನಿಮ್ಮ ಸೀನಿಯರ್‌ಗೂ ಕಣ್ಣು ತುಂಬಿರುವುದನ್ನು ನೋಡುತ್ತೀರಿ.

ಅದೇ ಎನ್ಐಸಿಯುವಿನಲ್ಲಿ ಇನ್ನೊಂದು ದೃಶ್ಯವನ್ನೂ ನೋಡುತ್ತೀರಿ. ಕ್ಯಾಂಗರೂ ಆರೈಕೆ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್‌ಗಳು ಸಾಲದೆ ಬಂದಾಗ ವೈದ್ಯರು ಕೂಸುಗಳನ್ನು ತಾಯಂದಿರ ಎದೆಗೇ ಕಟ್ಟಿದರು. ಬೇರೆ ದಾರಿ ಇಲ್ಲದೆ ಮಾಡಿದ್ದು ಇವತ್ತು ಇಡೀ ಜಗತ್ತು ಒಪ್ಪಿದ ಚಿಕಿತ್ಸೆ. ಕೆಲವು ತಿಂಗಳ ಹಿಂದೆ ನಮ್ಮಲ್ಲಿ ಒಬ್ಬ ಆಟೋ ಚಾಲಕರು, ಹೆಂಡತಿಗೆ ಇನ್ನೂ ಏಳೋಕೆ ಆಗದ್ದರಿಂದ ತಾವೇ ಖಾಕಿ ಅಂಗಿಯ ಗುಂಡಿ ಬಿಚ್ಚಿ, 1.3 ಕೆಜಿಯ ಮಗಳನ್ನು ಎದೆ ಮೇಲೆ ಹಾಕಿಕೊಂಡು ಮೂರು ಗಂಟೆ ಅಲುಗಾಡದೆ ಕೂತಿದ್ದರು. ಕೂಸಿನ ಆಮ್ಲಜನಕದ ಅಂಕಿ ಮಾನಿಟರ್‌ನಲ್ಲಿ ನಿಧಾನವಾಗಿ ಏರಿ 96ರಲ್ಲಿ ನಿಂತಿತು. ಕಾಲು ಜೋಮು ಹಿಡಿದಿದ್ದರೂ "ಇನ್ನೂ ಸ್ವಲ್ಪ ಹೊತ್ತು ಇರ್ಲಿ ಬಿಡಿ ಸಿಸ್ಟರ್" ಅಂದರು.

ನಿಮಗೆ ಯಾವ ಕಾಲೇಜು ಅಂತ ನೀವು ಬರೆದಿಲ್ಲ. ಬೆಂಗಳೂರಿನಲ್ಲಿ ಆಸ್ಪತ್ರೆಗೆ ತಕ್ಕಂತೆ ಕಲಿಕೆಯೂ ಬೇರೆ ಬೇರೆ. ಕೋಟೆ ಹತ್ತಿರ, ಕೆ.ಆರ್. ಮಾರ್ಕೆಟ್ ಪಕ್ಕದ ವಾಣಿವಿಲಾಸ ಆಸ್ಪತ್ರೆ 1935ರದು, ಮೈಸೂರಿನ ಮಹಾರಾಣಿಯ ಹೆಸರಿನದು. 1955ರಲ್ಲಿ ಶುರುವಾದ ಬೆಂಗಳೂರು ಮೆಡಿಕಲ್ ಕಾಲೇಜಿನ ಹೆರಿಗೆ ಮತ್ತು ಮಕ್ಕಳ ಆಸ್ಪತ್ರೆ ಅದೇ. ಅಂಥ ಕಡೆ ಹೆರಿಗೆಗಳು ಜಾಸ್ತಿ, ನವಜಾತ ಶಿಶುಗಳ ಕೆಲಸ ಕೈತುಂಬ ಸಿಗುತ್ತದೆ. ನಿಮ್ಹಾನ್ಸ್ ಪಕ್ಕದ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮಕ್ಕಳಿಗೆಂದೇ ಇರುವುದು. ಜಿಲ್ಲೆಗಳಲ್ಲಿ ಗುಣವಾಗದೆ ಕಳಿಸಿದ ಮಕ್ಕಳು ಅಲ್ಲಿಗೆ ಬರುತ್ತಾರೆ, ಅಪರೂಪದ ಕಾಯಿಲೆಗಳನ್ನು ನೋಡಬಹುದು. ಖಾಸಗಿ ಕಾಲೇಜುಗಳಲ್ಲಿ ಸಾಮಾನ್ಯವಾಗಿ ರೋಗಿಗಳ ಒತ್ತಡ ಕಡಿಮೆ, ಓದೋಕೆ ಮತ್ತು ಒಂದೊಂದು ಮಗುವಿನ ಬಗ್ಗೆ ಕೂತು ಚರ್ಚೆ ಮಾಡೋಕೆ ಸಮಯ ಸಿಗುತ್ತದೆ. ಎಲ್ಲಿಗೆ ಸೇರಿದರೂ ಅಲ್ಲಿ ಯಾವುದು ಕಡಿಮೆ ಇದೆ ಅಂತ ಮೊದಲ ವರ್ಷವೇ ನೋಡಿಕೊಳ್ಳಿ. ಅದನ್ನು ಬೇರೆ ಕಡೆ ಪೋಸ್ಟಿಂಗ್ ಕೇಳಿಯಾದರೂ ಕಲಿತುಬಿಡಿ. ಸೇರುವ ಮುಂಚೆ ಈಗಿನ ಎರಡನೇ ವರ್ಷದ ಪಿಜಿ ಒಬ್ಬರ ಜೊತೆ ಅರ್ಧ ಗಂಟೆ ಮಾತಾಡಿ. ರಾತ್ರಿ ಡ್ಯೂಟಿಯಲ್ಲಿ ಕರೆದರೆ ಸೀನಿಯರ್ ಬರುತ್ತಾರಾ ಅಂತ ಕೇಳಿ. ಕಾಲೇಜಿನ ಹೆಸರಿಗಿಂತ ಆ ಉತ್ತರ ಮುಖ್ಯ ಅಂತ ನನ್ನ ನಂಬಿಕೆ.

ನಿದ್ದೆಯ ವಿಷಯ ಮುಚ್ಚಿಡುವುದಿಲ್ಲ. ಕಷ್ಟ ಇದೆ. ಮೂರು ನಾಲ್ಕು ದಿನಕ್ಕೊಮ್ಮೆ 24 ಗಂಟೆ ಡ್ಯೂಟಿ, ಅದರ ಮಾರನೇ ದಿನ ಮಧ್ಯಾಹ್ನದ ತನಕ ವಾರ್ಡಿನ ಕೆಲಸ, ಇದು ಬಹಳ ಕಡೆ ಈಗಲೂ ನಡೆಯುತ್ತಿದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಸ್ನಾತಕೋತ್ತರ ನಿಯಮಗಳಲ್ಲಿ ಕೆಲಸದ ಅವಧಿ ಮಿತವಾಗಿರಬೇಕು, ವಾರಕ್ಕೊಂದು ರಜೆ, ವರ್ಷಕ್ಕೆ ಕನಿಷ್ಠ 20 ದಿನ ಸಾಂದರ್ಭಿಕ ರಜೆ ಇರಬೇಕು ಅಂತ ಇದೆ. ಆಯೋಗದ ಕಾರ್ಯಪಡೆ 2024ರಲ್ಲಿ ವಾರಕ್ಕೆ 74 ಗಂಟೆ ಮೀರಬಾರದು ಅಂತ ಶಿಫಾರಸು ಮಾಡಿತು. ಹಾಳೆ ಮೇಲೆ ಇರುವುದಕ್ಕೂ ವಾರ್ಡಿನಲ್ಲಿ ಆಗುವುದಕ್ಕೂ ಅಂತರ ಇದೆ, ಮತ್ತು ಅದನ್ನು ನಾನು ಸರಿ ಅನ್ನುವುದಿಲ್ಲ. ನಿದ್ದೆಗೆಟ್ಟ ಡಾಕ್ಟರ್ ತಪ್ಪು ಮಾಡುತ್ತಾರೆ. ಆ ತಪ್ಪಿನ ಪೆಟ್ಟು ಮಗುವಿಗೆ ಬೀಳುತ್ತದೆ. "ನಾವೂ ಹೀಗೇ ಕಲಿತದ್ದು" ಅನ್ನುವ ಹಿರಿಯರ ಮಾತನ್ನು ನಾನು ಒಪ್ಪುವುದಿಲ್ಲ. ರಜೆಯನ್ನು ಕೇಳಿ ತಗೊಳ್ಳಿ. ಡ್ಯೂಟಿ ಮುಗಿದ ಮೇಲೆ ಸ್ಕೂಟಿ ಓಡಿಸಬೇಡಿ, ಬಸ್ಸೋ ಮೆಟ್ರೋ ಹಿಡಿಯಿರಿ. ಊಟ ಬಿಡಬೇಡಿ.

ಸೀನಿಯರ್‌ಗಳು ಬೈಯುತ್ತಾರೆ, ಹೌದು. ಆದರೆ ಬೈಗುಳದಲ್ಲೂ ಎರಡು ಥರ ಇದೆ. ಮಗುವಿಗೆ ಅಪಾಯವಾಗುವ ಕೆಲಸ ಮಾಡಿದಾಗ ಗಟ್ಟಿಯಾಗಿ ಹೇಳುವುದು ಒಂದು. ಅದನ್ನು ತಲೆಗೆ ಹಾಕಿಕೊಳ್ಳಿ, ಮನಸ್ಸಿಗೆ ಹಾಕಿಕೊಳ್ಳಬೇಡಿ. ಎಲ್ಲರೆದುರು ಹೀನಾಯವಾಗಿ ಮಾತಾಡುವುದು, ಊಟಕ್ಕೆ ಬಿಡದಿರುವುದು, ಬೇಕೆಂದೇ ಜಾಸ್ತಿ ಡ್ಯೂಟಿ ಹಾಕುವುದು ಇನ್ನೊಂದು. ಇದು ರ‍್ಯಾಗಿಂಗ್. ಇದನ್ನು ಸಹಿಸಿಕೊಂಡು ಕೂರಬೇಕಾದ್ದಿಲ್ಲ. ತಾರೀಖು ಸಮೇತ ಬರೆದಿಟ್ಟು, ನಂಬಿಕೆ ಇರುವ ಒಬ್ಬ ಪ್ರೊಫೆಸರ್‌ಗೆ ಹೇಳಿ, ಕಾಲೇಜಿನ ಸಮಿತಿಗೆ ದೂರು ಕೊಡಿ. ಮನಸ್ಸು ತೀರಾ ಕುಗ್ಗಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ಗೆ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಡಾಕ್ಟರ್ ಆಗಿ ನಾನೇ ಕರೆ ಮಾಡೋದಾ ಅಂತ ಸಂಕೋಚ ಬೇಡ.

ನೀವು ಮಾತ್ರ ಸೀನಿಯರ್ ಬೈದಾರು ಅನ್ನುವ ಭಯಕ್ಕೆ ರಾತ್ರಿ ಅವರನ್ನು ಎಬ್ಬಿಸದೆ ಇರಬೇಡಿ. ಎಬ್ಬಿಸಿದ್ದಕ್ಕೆ ಬೈಸಿಕೊಂಡರೆ ಬೆಳಗ್ಗೆಗೆ ಮರೆತುಹೋಗುತ್ತದೆ.

ಸಾವಿನ ಮಾತನ್ನು ನೀವು ಕೇಳಿಲ್ಲ, ಆದರೂ ಹೇಳಬೇಕು. ಮಕ್ಕಳು ಸಾಯುತ್ತಾರೆ. ನಿಮ್ಮ ಮುಂದೆಯೇ ಸಾಯುತ್ತಾರೆ. ಆಗ ಬಾಗಿಲ ಹೊರಗೆ ನಿಂತಿರುವ ಅಪ್ಪ ಅಮ್ಮನಿಗೆ ಹೇಳುವ ಕೆಲಸ ಒಂದಲ್ಲ ಒಂದು ದಿನ ನಿಮ್ಮ ಪಾಲಿಗೆ ಬರುತ್ತದೆ. ಕಾರಿಡಾರ್‌ನಲ್ಲಿ ನಿಂತು ಹೇಳಬೇಡಿ. ಅವರನ್ನು ಕೂರಿಸಿ, ನೀವೂ ಕೂರಿ. ಫೋನ್ ಸೈಲೆಂಟ್ ಮಾಡಿ. ಮಗುವಿನ ಹೆಸರು ಹಿಡಿದು ಹೇಳಿ. ಹೆಸರಿಡದ ಕೂಸಾದರೆ "ನಿಮ್ಮ ಮಗ", "ನಿಮ್ಮ ಮಗಳು" ಅನ್ನಿ, "ಬೇಬಿ" ಅನ್ನಬೇಡಿ. "ಎಕ್ಸ್‌ಪೈರ್ ಆಯ್ತು" ಅನ್ನಬೇಡಿ, ಅದು ಔಷಧದ ಡಬ್ಬಿಗೆ ಹೇಳುವ ಮಾತು. "ತೀರಿಕೊಂಡ", "ಹೋಗಿಬಿಟ್ಟಳು", ನಮ್ಮ ಭಾಷೆಯಲ್ಲಿ ಇದಕ್ಕೆ ಮೆತ್ತಗಿನ, ಆದರೆ ಸ್ಪಷ್ಟವಾದ ಮಾತುಗಳಿವೆ. ಹೇಳಿದ ಮೇಲೆ ಸುಮ್ನೆ ಕೂತಿರಿ. ತಾಯಿ ಎತ್ತಿಕೊಳ್ಳುತ್ತೇನೆ ಅಂದರೆ ಟ್ಯೂಬು, ಟೇಪು ತೆಗೆದು, ಮುಖ ಒರೆಸಿ, ಬಟ್ಟೆ ಸುತ್ತಿ ಕೈಗೆ ಕೊಡಿ. ಅವತ್ತು ನಿಮಗೆ ಅಳು ಬಂದರೆ ಅತ್ತುಬಿಡಿ. ಕಣ್ಣು ತುಂಬುವುದು ಈ ಕೆಲಸಕ್ಕೆ ಅಡ್ಡಿಯಲ್ಲ. ಕಣ್ಣು ತುಂಬಿದ್ದಾಗಲೂ ಲೆಕ್ಕ ತಪ್ಪದ ಹಾಗೆ ಕೈ ಕೆಲಸ ಮಾಡಬೇಕು, ಅಷ್ಟೇ. ಅದು ಅಭ್ಯಾಸದಿಂದ ಬರುತ್ತದೆ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಮೂರು ವರ್ಷದಲ್ಲಿ ಒಂದು ಪ್ರಬಂಧ ಬರೆಯಬೇಕು. ಜಯನಗರದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗೆ ಬರುವ ಕಾಲೇಜಾದರೆ ಮೊದಲ ತಿಂಗಳುಗಳಲ್ಲೇ ಅದರ ರೂಪರೇಷೆ ಕೇಳುತ್ತಾರೆ. ವಾರ್ಡಿನಲ್ಲಿ ದಿನಾ ಕಾಣುವ ವಿಷಯ ಆರಿಸಿಕೊಳ್ಳಿ. ಅಪರೂಪದ ಕಾಯಿಲೆ ಆರಿಸಿಕೊಂಡು ಕೊನೆಗೆ ಮಕ್ಕಳು ಸಿಗದೆ ಪರದಾಡಿದವರನ್ನು ನೋಡಿದ್ದೇನೆ. ಪರೀಕ್ಷೆಗೆ ಶೇ. 80 ಹಾಜರಾತಿ ಬೇಕು. ನಾಲ್ಕು ಥಿಯರಿ ಪೇಪರ್, ಆಮೇಲೆ ಕೇಸುಗಳು, ವೈವಾ. ನಡುವೆ ಮೂರು ತಿಂಗಳು ಜಿಲ್ಲಾ ರೆಸಿಡೆನ್ಸಿ, ಅಂದರೆ ಜಿಲ್ಲಾ ಆಸ್ಪತ್ರೆಯ ಕೆಲಸ ಇರುತ್ತದೆ. ಇದನ್ನು ಶಿಕ್ಷೆ ಅಂದುಕೊಳ್ಳುವವರು ಜಾಸ್ತಿ. ನೀವು ಪಿಎಚ್‌ಸಿಯಿಂದ ಬಂದವರು, ನಿಮಗೆ ಅದರ ಬೆಲೆ ಗೊತ್ತಿರುತ್ತದೆ. ತೋಳಿನ ಸುತ್ತಳತೆ 11.5 ಸೆಂಟಿಮೀಟರ್‌ಗಿಂತ ಕಡಿಮೆ ಇರುವ ಮಗುವನ್ನು ಅಂಗನವಾಡಿಯಿಂದ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕರೆತಂದು, ಅದು ನಗುವಷ್ಟು ಚೇತರಿಸಿಕೊಳ್ಳುವುದನ್ನು ನೋಡೋಕೆ ಅಲ್ಲೇ ಹೋಗಬೇಕು.

ದುಡ್ಡಿನ ವಿಷಯದಲ್ಲಿ ಮನೆಯವರು ಹೇಳುವುದು ಪೂರ್ತಿ ಸುಳ್ಳಲ್ಲ. ಸ್ಕಿನ್, ರೇಡಿಯಾಲಜಿಯವರಿಗೆ ರಾತ್ರಿಯ ಕರೆ ಕಡಿಮೆ, ಸಂಪಾದನೆ ಬೇಗ ಶುರುವಾಗುತ್ತದೆ. ಮಕ್ಕಳ ಡಾಕ್ಟರ್‌ಗೆ ಕ್ಲಿನಿಕ್ ನಿಲ್ಲೋಕೆ ಕೆಲವು ವರ್ಷ ಹಿಡಿಯುತ್ತದೆ, ಭಾನುವಾರವೂ ಫೋನ್ ಬರುತ್ತದೆ. ಮುಂದೆ ಓದುವ ಮನಸ್ಸಿದ್ದರೆ ನವಜಾತ ಶಿಶು, ಮಕ್ಕಳ ನರರೋಗ, ಮಕ್ಕಳ ತುರ್ತು ನಿಗಾ ವಿಭಾಗಗಳಲ್ಲಿ ಮೂರು ವರ್ಷದ ಡಿ.ಎಂ. ಇದೆ. ಆದರೆ ನಿಮ್ಮ ಊರಿನ ಕಡೆಯ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಕ್ಕಳ ಡಾಕ್ಟರ್‌ಗೆ ಎಷ್ಟು ಕಾಯುತ್ತಾರೆ ಅಂತ ಪಿಎಚ್‌ಸಿಯಲ್ಲಿ ಕೂತು ರೆಫರಲ್ ಚೀಟಿ ಬರೆದ ನಿಮಗೆ ನಾನು ಹೇಳಬೇಕಾಗಿಲ್ಲ. ಸ್ಕಿನ್ ನಿಮಗೆ ನಿಜಕ್ಕೂ ಇಷ್ಟವಾಗಿದ್ದರೆ ಅದನ್ನೇ ತಗೊಳ್ಳಿ, ಅದೂ ಒಳ್ಳೆಯ ವಿದ್ಯೆ. ಮಕ್ಕಳು ಇಷ್ಟ ಇದ್ದೂ ಬರೀ ಹೆದರಿಕೆಯಿಂದ ಸೀಟು ಬಿಡಬೇಡಿ. ನನ್ನನ್ನು ಕೇಳಿದರೆ, ಸೇರಿ.

ಈ ಮೂರು ವಾರದಲ್ಲಿ ದಪ್ಪ ಪುಸ್ತಕ ತೆರೆಯಬೇಡಿ. ಸೆಕೆಂಡ್ ಮುಳ್ಳಿರುವ ಒಂದು ಗಡಿಯಾರ ಕೊಳ್ಳಿ. ಅಕ್ಕನ ಮಗುವಿನ ಜೊತೆ ಹೊತ್ತು ಹೋಗುತ್ತದೆ ಅಂದಿರಲ್ಲ, ಹೋಗಲಿ. ಆ ಮಗು ಮಲಗಿದ್ದಾಗ ಪಕ್ಕದಲ್ಲಿ ಕೂತು, ಅಂಗಿ ಸ್ವಲ್ಪ ಮೇಲೆ ಸರಿಸಿ, ಹೊಟ್ಟೆ ಏಳುವುದನ್ನು ನೋಡುತ್ತಾ ಪೂರಾ ಒಂದು ನಿಮಿಷ ಉಸಿರು ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಡಿ, ಕೂಸುಗಳ ಉಸಿರು ಒಂದೇ ಸಮ ಇರುವುದಿಲ್ಲ. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿಗೆ ನಿಮಿಷಕ್ಕೆ 50 ಅಥವಾ ಅದಕ್ಕಿಂತ ಹೆಚ್ಚಾದರೆ ಏದುಸಿರು ಅಂತ ಲೆಕ್ಕ. ಹಾಲು ಕುಡಿದ ಮೇಲೆ ಎಣಿಸಿ, ಆಡಿ ದಣಿದಾಗ ಎಣಿಸಿ, ಅತ್ತು ಸುಮ್ಮನಾದ ಮೇಲೆ ಎಣಿಸಿ. ಪ್ರತಿ ಸಲವೂ ಒಂದು ಪುಟ್ಟ ಡೈರಿಯಲ್ಲಿ ಬರೆದಿಡಿ. ಜೊತೆಗೆ ಅಕ್ಕನನ್ನು ಕೇಳಿ: ಮಗುವಿಗೆ ಹುಷಾರಿಲ್ಲ ಅಂತ ನಿನಗೆ ಮೊದಲು ಹೇಗೆ ಗೊತ್ತಾಗುತ್ತೆ? ಅವಳು ಹೇಳಿದ್ದನ್ನು ಅವಳ ಮಾತಲ್ಲೇ ಬರೆದುಕೊಳ್ಳಿ. ಸೇರುವ ದಿನ ಆ ಡೈರಿ ಏಪ್ರನ್ ಜೇಬಿನಲ್ಲಿರಲಿ.